ಕೇಳುವ ಕೂಸಿಗೆ ಸನ್ನೆ, ಕೇಳದ ಕೂಸಿಗೆ ಬೆತ್ತ

ಎಂಟು ತಿಂಗಳ ಕೂಸಿಗೆ ಕೈಸನ್ನೆ ಕಲಿಸುವ ತರಗತಿಗಳು ಈಗ ನಮ್ಮಲ್ಲೂ ಮಾರಾಟಕ್ಕಿವೆ. ಮುಷ್ಟಿ ಹಿಂಡಿ ಬಿಟ್ಟರೆ ಹಾಲು. ಎರಡು ಕೈಗಳ ಬೆರಳ ತುದಿ ಕೂಡಿಸಿ ತಟ್ಟಿದರೆ ಇನ್ನಷ್ಟು ಬೇಕು. ಅಂಗೈ ಬಿಚ್ಚಿ ತಿರುವಿದರೆ ಸಾಕು, ಮುಗಿಯಿತು. ‘ಬೇಬಿ ಸೈನ್’ ಅಂತ ಇದರ ಹೆಸರು. ಮಾತು ಬರುವ ಮುನ್ನವೇ ಮಗು ತನಗೆ ಬೇಕಾದ್ದನ್ನು ಹೇಳುತ್ತದೆ, ಮಾತು ಬೇಗ ಬರುತ್ತದೆ, ಬುದ್ಧಿ ಚುರುಕಾಗುತ್ತದೆ ಎನ್ನುತ್ತದೆ ಜಾಹೀರಾತು. ಮೊದಲನೆಯದು ನಿಜ. ಉಳಿದೆರಡರ ಬಗ್ಗೆ ನನಗೆ ತಕರಾರಿದೆ. ಆದರೆ ನನ್ನ ದೊಡ್ಡ ಜಗಳವಿರುವುದು, ಈ ಮಾತನ್ನು ಯಾವ ಮಗುವಿನ ತಾಯಿಗೆ ಹೇಳುತ್ತಾರೆ, ಯಾವ ಮಗುವಿನ ತಾಯಿಗೆ ಹೇಳುವುದಿಲ್ಲ ಎಂಬುದರ ಜೊತೆ.

ಸಣ್ಣ ತಕರಾರನ್ನು ಮೊದಲು ಮುಗಿಸಿಬಿಡುತ್ತೇನೆ. ಕೂಸು ಸನ್ನೆ ಮಾಡುತ್ತದೆ ಎಂಬುದನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ‘ಮಾಮಿಗೆ ಜೋತ ಮಾಡು’ ಅಂದರೆ ಎರಡು ಪುಟ್ಟ ಅಂಗೈ ಒಂದಾಗುತ್ತವೆ. ಅಪ್ಪ ಚಪ್ಪಲಿ ಮೆಟ್ಟಿದ ಸದ್ದಿಗೆ ಟಾಟಾ ಶುರು. ಎತ್ತಿಕೋ ಎಂದು ತೋಳು ಚಾಚುವುದು, ಬೇಡವೆಂದು ತುಟಿ ಬಿಗಿದು ಮುಖ ತಿರುವುವುದು, ಚಂದಮಾಮನ ಕಡೆ ಬೆರಳು ಮಾಡುವುದು, ಮಾತಿಗೂ ಮುಂಚಿನ ಈ ನಿಘಂಟು ಎಲ್ಲ ಮನೆಯಲ್ಲೂ ಇದೆ. ಯಾವ ಅಜ್ಜಿಯೂ ಅದಕ್ಕೆ ಫೀಸು ಕೇಳಿದ್ದಿಲ್ಲ.

ಈ ವ್ಯಾಪಾರ ಹುಟ್ಟಿದ ಕಥೆಯೂ ಹಾಗೇ ಇದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಲಿಂಡಾ ಅಕ್ರೆಡೊಲೊ ತಮ್ಮ ಪುಟ್ಟ ಮಗಳು ಹೂವು ಕಂಡಾಗ ಮೂಗು ಸುಕ್ಕಿಸಿ ಮೂಸುವುದನ್ನು ಗಮನಿಸಿದರು. ಹೂವಿಗೆ ಆ ಮಗು ತಾನೇ ಇಟ್ಟುಕೊಂಡ ಹೆಸರು ಅದು, ಪಾಠ ಹೇಳಿಸಿಕೊಂಡದ್ದಲ್ಲ. ಅವರೂ ಸೂಸನ್ ಗುಡ್ವಿನ್ ಅವರೂ ಸೇರಿ ವರ್ಷಗಟ್ಟಲೆ ಸಂಶೋಧನೆ ಮಾಡಿದರು, 1996ರಲ್ಲಿ ಪುಸ್ತಕ ತಂದರು. ಅದರ ಬೆನ್ನಿಗೆ ತರಗತಿ, ವಿಡಿಯೊ, ಕಾರ್ಡುಗಳ ಸಂತೆ. 2013ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರು 40 ಕೂಸುಗಳನ್ನು ಎಂಟನೇ ತಿಂಗಳಿಂದ ಇಪ್ಪತ್ತನೇ ತಿಂಗಳವರೆಗೆ ನೋಡಿದರು. ಸನ್ನೆ ಕಲಿತ ಮಕ್ಕಳಿಗೆ ಮಾತಿನಲ್ಲಿ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನಷ್ಟವೂ ಕಾಣಲಿಲ್ಲ. ಈ ಎರಡನೆಯ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಸೋದರತ್ತೆಯ ಮಗಳು ಹುಟ್ಟಾ ಕಿವುಡಿ. (‘ಶ್ರವಣದೋಷ’ ಎಂಬ ಕಚೇರಿಯ ಪದ ಅವಳಿಗೇ ಆಗದು. ‘ಮೂಗಿ’ ಎಂಬ ಬೀದಿಯ ಪದವಂತೂ ಶುದ್ಧ ಸುಳ್ಳು, ಅವಳಷ್ಟು ಹರಟುವವರು ನಮ್ಮ ವಂಶದಲ್ಲೇ ಇಲ್ಲ.) ಅವಳಿಗೆ ಮೂರು ವರ್ಷವಿದ್ದಾಗ ಡಾಕ್ಟರೊಬ್ಬರು ಅತ್ತೆಗೆ ಹೇಳಿದರು: ಕೈಸನ್ನೆ ಮಾಡಬೇಡಿ, ಅದೇ ರೂಢಿಯಾದರೆ ಮಾತು ಬರುವುದಿಲ್ಲ. ಅತ್ತೆ ಚಾಚೂ ತಪ್ಪದೆ ಪಾಲಿಸಿದರು. ನೀರು ಬೇಕೆಂದು ಅವಳು ಹೆಬ್ಬೆರಳು ಬಾಯಿಗೆ ತಂದರೆ ಆ ಕೈಯನ್ನು ಕೆಳಗಿಳಿಸಿ ‘ನೀರು ಅನ್ನು’ ಎನ್ನುತ್ತಿದ್ದರು. ಶಾಲೆಯಲ್ಲಿ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರಬೇಕು, ಹೊರಗೆ ತೆಗೆದರೆ ಗೆಣ್ಣಿಗೆ ಬೆತ್ತ. ಟೀಚರ ಗಂಟಲ ಮೇಲೆ ಬೆರಳಿಟ್ಟು ಕಂಪನ ಹಿಡಿಯುವುದು, ಕನ್ನಡಿಯಲ್ಲಿ ತನ್ನ ತುಟಿ ನೋಡಿ ಅದನ್ನೇ ಮಾಡುವುದು, ಹತ್ತು ವರ್ಷ ಇದೇ ತಾಲೀಮು. ಪಡಿ, ಬಡಿ, ಮಡಿ ಎಂಬ ಮೂರು ಪದಗಳನ್ನು ದನಿಯಿಲ್ಲದೆ ಯಾರಿಂದಾದರೂ ಹೇಳಿಸಿ, ಬರೀ ತುಟಿ ನೋಡಿ ಬೇರ್ಪಡಿಸಿ ನೋಡೋಣ. ಅವಳಿಗೆ ಒಪ್ಪಿಸಿದ ಕೆಲಸ ಅದು. ಹತ್ತು ವರ್ಷದ ಕೊನೆಗೆ ಅವಳ ಉಚ್ಚಾರ ಅರ್ಥವಾಗುತ್ತಿದ್ದದ್ದು ಅತ್ತೆಯೊಬ್ಬರಿಗೆ, ಅದೂ ಊಟ ತಿಂಡಿಯ ಮಟ್ಟಿಗೆ. ಭಾಷೆ ಅಂತ ಅವಳಿಗೆ ಸಿಕ್ಕಿದ್ದು ಒಂಬತ್ತನೇ ವಯಸ್ಸಿನಲ್ಲಿ, ಹಾಸ್ಟೆಲಿನ ವರಾಂಡದ ದೀಪದಡಿ, ದೊಡ್ಡ ಹುಡುಗಿಯರ ಕೈಗಳಿಂದ, ವಾರ್ಡನ್ ಮಲಗಿದ ಮೇಲೆ. ರಾತ್ರಿ ಕಂಡ ಕನಸೊಂದನ್ನು ಅಮ್ಮನಿಗೆ ಹೇಳಲು ಅವಳಿಗೆ ಇವತ್ತಿಗೂ ಆಗಿಲ್ಲ, ಅತ್ತೆಗೆ ಸನ್ನೆ ಬಾರದು.

ಡಾಕ್ಟರ ಆ ಸಲಹೆಗೆ ಹಳೆಯ ವಂಶಾವಳಿಯಿದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಸೇರಿ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಇರಲಿ ಎಂದು ಠರಾವು ಮಾಡಿತು. ಅಲ್ಲಿ ಸೇರಿದ್ದವರೆಲ್ಲ ಹೆಚ್ಚುಕಡಿಮೆ ಕಿವಿ ಕೇಳುವವರೇ. ಆ ಠರಾವು ತಪ್ಪಾಗಿತ್ತೆಂದು ಅದೇ ಸಮ್ಮೇಳನದ ಪರಂಪರೆ ಒಪ್ಪಿಕೊಂಡದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ನೂರಾಮೂವತ್ತು ವರ್ಷ! ಅಷ್ಟರಲ್ಲಿ ವಿದ್ವಾಂಸರು ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿತ್ತು. ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ ಎಂದು ವಿಲಿಯಂ ಸ್ಟೋಕಿ 1960ರಲ್ಲೇ ತೋರಿಸಿದ್ದರು. ಕಿವುಡ ತಂದೆತಾಯಿಯ ಕಿವುಡ ಕೂಸುಗಳು ನಮ್ಮ ಕೂಸುಗಳು ‘ಬಬಬ’ ಎನ್ನುವ ವಯಸ್ಸಿನಲ್ಲಿ ಬೆರಳುಗಳಿಂದಲೇ ತೊದಲುತ್ತವೆ ಎಂದು 1991ರಲ್ಲಿ ಲಾರಾ ಪೆಟಿಟೊ ಮತ್ತು ಪೌಲಾ ಮರೆಂಟೆಟ್ ಬರೆದರು. ಕೈಗೂ ತೊದಲು ನುಡಿ ಇದೆ.

ಈಗ ನನ್ನ ಪ್ರಶ್ನೆ. ಸನ್ನೆ ಕಲಿಸಿದರೆ ಕೇಳುವ ಮಗುವಿಗೆ ಮಾತು ಬೇಗ ಬರುತ್ತದೆ ಎಂದು ಒಂದು ಕೋಣೆಯಲ್ಲಿ ದುಡ್ಡು ಪಡೆದು ಹೇಳುತ್ತಾರೆ. ಸನ್ನೆ ಕಲಿಸಿದರೆ ಕೇಳದ ಮಗುವಿಗೆ ಮಾತು ಬರುವುದೇ ಇಲ್ಲ ಎಂದು ಪಕ್ಕದ ಕೋಣೆಯಲ್ಲಿ ಹೆದರಿಸಿ ಹೇಳುತ್ತಾರೆ. ಕೈ ಅದೇ, ಬಾಯಿ ಅದೇ. ಹಾಗಾದರೆ ಎರಡರಲ್ಲಿ ಯಾವುದು ಸುಳ್ಳು? ನನ್ನ ಮಟ್ಟಿಗೆ ಎರಡೂ ಸುಳ್ಳು. ಆದರೆ ಮೊದಲನೆಯದರಿಂದ ಹೋಗುವುದು ಒಂದಷ್ಟು ದುಡ್ಡು, ಎರಡನೆಯದರಿಂದ ಹೋಗುವುದು ಮಗುವಿನ ಮೊದಲ ಐದು ವರ್ಷ. ಸನ್ನೆ ಅಡ್ಡಿಯಾಗದು ಎಂಬ ಪುರಾವೆ ಕೇಳುವ ಮಗುವಿನ ಪಾಲಿಗೆ ಸುದ್ದಿಯೇ ಅಲ್ಲ. ಅದು ನಿಜವಾಗಿ ಬೇಕಾಗಿರುವವಳು ನನ್ನ ಅತ್ತೆಯಂಥ ತಾಯಿ, ಅವಳ ತನಕ ಅದು ತಲುಪುವುದಿಲ್ಲ.

ಕಾಕ್ಲಿಯರ್ ಇಂಪ್ಲಾಂಟ್ ಬಂದಿದೆಯಲ್ಲ, ಇನ್ನು ಸನ್ನೆ ಯಾಕೆ ಎನ್ನುವವರಿದ್ದಾರೆ. ಹಲವು ಮಕ್ಕಳಿಗೆ ಅದು ವರವಾಗಿದೆ, ನನಗೆ ಅದರ ಮೇಲೆ ಮುನಿಸಿಲ್ಲ. ಆದರೆ ತಪಾಸಣೆ, ಆಪರೇಶನ್ನು, ಆಮೇಲಿನ ವರ್ಷಗಟ್ಟಲೆ ತರಬೇತಿ ಇವೆಲ್ಲದರ ನಡುವೆ ಮಗು ಯಾವ ಭಾಷೆಯಲ್ಲಿ ಯೋಚಿಸಬೇಕು? ಎಲ್ಲ ಮಕ್ಕಳಿಗೂ ಅದು ಒಂದೇ ಹದದಲ್ಲಿ ಫಲಿಸುವುದೂ ಇಲ್ಲ. ಎರಡು ಭಾಷೆ ಕಲಿತರೆ ಮಗು ಕೆಡುತ್ತದೆ ಎಂಬ ಮಾತನ್ನು ಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಆಡುವ ನಾವು ನಂಬುತ್ತೇವಲ್ಲ, ಅದೇ ಆಶ್ಚರ್ಯ.

ಕಾಗದದ ಮೇಲೆ ನಮ್ಮಲ್ಲಿ ಎಲ್ಲ ಇದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೆಂದೇ ಕೇಂದ್ರವೊಂದು ಬಂತು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸನ್ನೆಯನ್ನು ಮಾನ್ಯ ಮಾಡಿತು, 2021ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಅದನ್ನೊಂದು ವಿಷಯವಾಗಿ ತಂದಿತು. ಹೀಗಿದ್ದೂ ಕೂಸುಗಳಿಗೆ ಮಾರುತ್ತಿರುವ ಆ ಹಾಲು, ಇನ್ನಷ್ಟು, ಮುಗಿಯಿತು ಮೂರೂ ಅಮೆರಿಕದ ಸನ್ನೆ ಭಾಷೆಯಿಂದ ಎತ್ತಿ ತಂದವು. ನಮ್ಮ ಕಿವುಡರ ಕೈಯಲ್ಲಿರುವ ಭಾಷೆ ಬೇರೆ ಎಂಬುದನ್ನು ಕೊಳ್ಳುವವರು ಕೇಳುವುದಿಲ್ಲ.

ಗೌರಿಬಿದನೂರು ತಾಲೂಕಿನಲ್ಲಿ ಅಲೀಪುರ ಅಂತ ಊರಿದೆ. ವಂಶಪಾರಂಪರ್ಯವಾಗಿ ಬಂದ ಕಿವುಡುತನ ಅಲ್ಲಿ ಬೇರೆಡೆಗಿಂತ ಹೆಚ್ಚು. ಊರಿಗೆ ತನ್ನದೇ ಆದ ಸನ್ನೆ ಭಾಷೆ ಬೆಳೆದಿದೆ, ಭಾಷಾವಿಜ್ಞಾನಿ ಸಿಬಾಜಿ ಪಂಡಾ ಅದರ ಅಧ್ಯಯನ ಮಾಡಿದ್ದಾರೆ. ಅಲ್ಲಿ ಕಿವಿ ಕೇಳುವವರೂ ಆ ಭಾಷೆ ಬಲ್ಲರು. ಬುದ್ಧಿ ಚುರುಕಾಗಲಿ ಎಂದು ಕಲಿತವರಲ್ಲ ಅವರು. ಅಣ್ಣನೋ ಪಕ್ಕದ ಮನೆಯವನೋ ಕಿವುಡ, ಅವನ ಜೊತೆ ಮಾತಾಡಬೇಕು, ಅಷ್ಟೇ.

ಹಾಗಾಗಿ ಸನ್ನೆ ತರಗತಿಗೆ ದುಡ್ಡು ಕಟ್ಟಲೇಬೇಕೆಂದಿರುವ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೇಳಿಕೆ. ಕಲಿಸುವವರು ಕಿವುಡರೇ ಎಂದು ವಿಚಾರಿಸಿ. ಭಾರತೀಯ ಸನ್ನೆ ಭಾಷೆಯನ್ನೇ ಕೇಳಿ ಪಡೆಯಿರಿ. ಎರಡನೇ ವರ್ಷಕ್ಕೆ ಮಗು ‘ಹಾಲು’ ಎಂದ ಕೂಡಲೇ ಬಿಡಬೇಡಿ, ಆರು ವರ್ಷದವರೆಗಾದರೂ ನಡೆಸಿ. ಆ ವಯಸ್ಸಿಗೆ ಅದು ಶಾಲೆಯ ಬೆಂಚಿನಲ್ಲಿ ಯಾರ ಪಕ್ಕ ಕೂರುತ್ತದೋ ಯಾರಿಗೆ ಗೊತ್ತು.