ನಿರ್ಮಾಣ ನಿರ್ವಹಣೆಯ ವ್ಯಾಸಂಗ ಮತ್ತು ಮಂಗಳೂರಿನ ಮಳೆಗಾಲ

ಪ್ರೌಢಶಿಕ್ಷಣವನ್ನು ಮುಗಿಸಿ ಮುಂದೇನೆಂದು ಚಿಂತಿಸುವ ವಿದ್ಯಾರ್ಥಿಗೆ ಹಿರಿಯರು ನೀಡುವ ಸಲಹೆಗಳಲ್ಲಿ ಕಟ್ಟಡ ಕಾಮಗಾರಿಯ ಮಾತು ಈಚೆಗೆ ವಿರಳವಾಗಿದೆ. ಕಂಪ್ಯೂಟರ್ ವಿಭಾಗದಲ್ಲಿ ಸ್ಥಾನ ದೊರೆಯದವನಿಗೆ ಉಳಿದ ದಾರಿಯೆಂಬಂತೆ ಸಿವಿಲ್ ಇಂಜಿನಿಯರಿಂಗನ್ನು ಕಾಣುವ ಪಾಲಕರು ಅನೇಕರಿದ್ದಾರೆ. ಅದರೊಳಗೂ ನಿರ್ಮಾಣ ನಿರ್ವಹಣೆಯೆಂಬ ಶಾಖೆಯನ್ನು ಆರಿಸಿಕೊಳ್ಳುವವರಲ್ಲಿ ಕೆಲವರು ಬಿಸಿಲು, ಧೂಳು, ಕೆಸರುಗಳಿಂದ ಪಾರಾಗಿ ಕಚೇರಿಯ ತಂಪಿನಲ್ಲಿ ಕುಳಿತುಕೊಳ್ಳುವ ಆಸೆಯಿಂದಲೇ ಅದನ್ನು ಹಿಡಿಯುವುದುಂಟು. ಆ ವಿದ್ಯೆಗೆ ಇದಕ್ಕಿಂತ ದೊಡ್ಡ ವೈರಿ ಬೇರೊಂದಿಲ್ಲ.

ಕಟ್ಟಡದ ಬಲವನ್ನು ಲೆಕ್ಕ ಹಾಕುವುದು ಒಂದು ವಿದ್ಯೆ. ಆ ಕಟ್ಟಡವನ್ನು ಗೊತ್ತಾದ ಕಾಲದಲ್ಲಿ, ಗೊತ್ತಾದ ವೆಚ್ಚದಲ್ಲಿ, ಯಾರ ಪ್ರಾಣಕ್ಕೂ ಎರವಾಗದಂತೆ ಎಬ್ಬಿಸಿ ನಿಲ್ಲಿಸುವುದು ಇನ್ನೊಂದು. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಕಾಮಗಾರಿಯೇ ಒಂದು ದಿನ ತಡವಾಗುವುದೆಂದು ಗುರುತಿಸುವ ‘ಕ್ರಿಟಿಕಲ್ ಪಾಥ್’ ಪದ್ಧತಿಯು 1957ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ರೂಪುಗೊಂಡಿತು. ಇಂದು ಅದು ಈ ವ್ಯಾಸಂಗದ ಮೊದಲ ಪಾಠಗಳಲ್ಲೊಂದು. ಗಣಕಯಂತ್ರವು ಆ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಆದರೆ ಮುರಕಲ್ಲಿನ ಲಾರಿ ಬರದಿದ್ದಾಗ ಮೇಸ್ತ್ರಿಗೆ ಯಾವ ಕೆಲಸ ಹಚ್ಚಬೇಕೆಂಬುದನ್ನು ಅದು ಹೇಳುವುದಿಲ್ಲ.

ಮಂಗಳೂರಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ಈ ಊರು ಕಟ್ಟಡ ಸಾಮಗ್ರಿಗೆ ಹೆಸರಾಯಿತು. 1946ರಲ್ಲಿ ಕದ್ರಿ ಗುಡ್ಡದ ಪಾಲಿಟೆಕ್ನಿಕ್, 1960ರಲ್ಲಿ ಸುರತ್ಕಲ್ಲಿನ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದವು. ಉಳ್ಳಾಲ ಶ್ರೀನಿವಾಸ ಮಲ್ಯರ ಪರಿಶ್ರಮದ ಫಲವಾದ ಆ ಕಾಲೇಜು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ನಿರ್ಮಾಣ ತಂತ್ರಜ್ಞಾನ ಮತ್ತು ನಿರ್ವಹಣೆ ಎಂಬ ವಿಷಯದಲ್ಲಿ ಅಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೂ ಅವಕಾಶವಿದೆ. ಕಲಿಯಬೇಕೆನ್ನುವವನಿಗೆ ಪಾಠಶಾಲೆಗಳ ಕೊರತೆಯಿಲ್ಲ; ಕೊರತೆಯಿರುವುದು ಬೇರೆಡೆ.

ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಪಡೆಯುವ ಊರಿನಲ್ಲಿ ಕಾಮಗಾರಿಯ ವೇಳಾಪಟ್ಟಿಯನ್ನು ನಿರ್ಧರಿಸುವುದು ಮಳೆಯೇ. ಇಲ್ಲಿಯ ನೆಲದ ಸ್ವಭಾವವೂ ವಿಚಿತ್ರವಾದುದು. ಮೇಲೆ ಮುರಕಲ್ಲಿನ ಗಟ್ಟಿ ಪದರ. ಕಡಿಯುವಾಗ ಮೃದುವಾಗಿದ್ದು ಗಾಳಿಗೊಡ್ಡಿದಂತೆ ಬಿಗಿಯುವ ಕಲ್ಲು. ಅದರ ಕೆಳಗೆ ಸ್ಥಳೀಯರು ಶೇಡಿ ಮಣ್ಣೆನ್ನುವ ಜೇಡಿಯ ಪದರ. ಒಣಗಿರುವಾಗ ಗೋಡೆಯಂತೆ ನೆಟ್ಟಗೆ ನಿಲ್ಲುವ ಈ ಮಣ್ಣು ನೀರು ಕುಡಿದೊಡನೆ ಬಲವನ್ನು ಕಳೆದುಕೊಳ್ಳುತ್ತದೆ. ಗುಡ್ಡವನ್ನು ನೇರವಾಗಿ ಕಡಿದು ಬಹುಮಹಡಿಗೆ ತಳಪಾಯ ತೋಡುವವರು ಮೇ ತಿಂಗಳಲ್ಲಿ ಕಂಡ ಧೈರ್ಯವನ್ನು ಜುಲೈಯಲ್ಲಿ ಕಾಣಲಾರರು. 2024ರ ಜುಲೈಯಲ್ಲಿ ಬಲ್ಮಠದ ಬಳಿಯ ಕಟ್ಟಡ ನಿವೇಶನವೊಂದರಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಲುಕಿದರು. ಒಬ್ಬನನ್ನು ಜೀವಂತವಾಗಿ ಹೊರತೆಗೆಯಲಾಯಿತು, ಇನ್ನೊಬ್ಬನು ಉಳಿಯಲಿಲ್ಲ. ಆ ಪ್ರಕರಣದ ಹೊಣೆ ಯಾರದೆಂಬುದು ಇಲ್ಲಿಯ ವಿಚಾರವಲ್ಲ. ಆದರೆ ತಡೆಗೋಡೆಯ ಕೆಲಸ ಮಳೆಗೆ ಮುನ್ನ ಮುಗಿಯಬೇಕೋ ಬೇಡವೋ ಎಂಬ ಪ್ರಶ್ನೆ ವೇಳಾಪಟ್ಟಿಯ ಪ್ರಶ್ನೆಯೂ ಹೌದು, ಪ್ರಾಣದ ಪ್ರಶ್ನೆಯೂ ಹೌದು ಎಂಬುದನ್ನು ಯಾವ ತರಗತಿಯಲ್ಲಿ ಕಲಿಸಲಾಗುತ್ತಿದೆ?

ಅವಸರದ ಇನ್ನೊಂದು ಮುಖವಿದೆ. ಚಪ್ಪಡಿಯ ಕೆಳಗಿನ ಆಧಾರಗಳನ್ನು, ಅಗಲ ನಾಲ್ಕೂವರೆ ಮೀಟರಿಗೆ ಮೀರಿದ್ದರೆ ಸಾಮಾನ್ಯವಾಗಿ ಹದಿನಾಲ್ಕು ದಿನಗಳವರೆಗೆ ತೆಗೆಯಬಾರದೆಂದು 2000ದ ಭಾರತೀಯ ಮಾನಕ 456 ವಿಧಿಸುತ್ತದೆ. ಸೆಂಟ್ರಿಂಗ್ ಹಲಗೆಗಳು ಮುಂದಿನ ಮಹಡಿಗೆ ಬೇಕೆಂದು ಗುತ್ತಿಗೆದಾರನು ಹತ್ತನೆಯ ದಿನವೇ ಒತ್ತಾಯಿಸುವಾಗ ಇಪ್ಪತ್ತಮೂರರ ತರುಣ ಇಂಜಿನಿಯರನು ಏನು ಹೇಳಬೇಕು? ಮಾನಕವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವನು ಸುಮ್ಮನಾಗುವನು. ಮಳೆಯಲ್ಲಿ ನಿಂತು ಕಾಂಕ್ರೀಟು ಹಾಕಿಸಿ ಬಲ್ಲವನು ಆಗದೆನ್ನುವನು. ಇಬ್ಬರಿಗೂ ಪದವಿ ಒಂದೇ.

ಕಾಲನಿರ್ವಹಣೆಯ ಪಾಠಕ್ಕೆ ಈ ಊರು ಒಳ್ಳೆಯದು, ಕೆಟ್ಟದು ಎರಡು ಬಗೆಯ ಉದಾಹರಣೆಗಳನ್ನೂ ಒದಗಿಸಿದೆ. 1990ರಲ್ಲಿ ನಿಗಮ ರಚನೆಯಾದ ಕೊಂಕಣ ರೈಲುಮಾರ್ಗವು ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ, ತೊಂಬತ್ತಕ್ಕೂ ಮಿಕ್ಕ ಸುರಂಗಗಳನ್ನು ಹಾಯ್ದು, ಅಂದಾಜಿನ ಅವಧಿಯನ್ನು ಮೀರಿಯಾದರೂ 1998ರಲ್ಲಿ ಪೂರ್ಣಗೊಂಡಿತು. ಅದೇ ಮಂಗಳೂರಿನ ಪಂಪ್‌ವೆಲ್ಲಿನ ಒಂದು ಮೇಲ್ಸೇತುವೆ ವರ್ಷಾನುವರ್ಷ ಎಳೆದು, ಊರವರ ವಿನೋದಕ್ಕೆ ವಸ್ತುವಾಗಿ, 2020ರ ಜನವರಿಯ ಕೊನೆಯ ದಿನ ಸಂಚಾರಕ್ಕೆ ತೆರೆಯಿತು. ಎರಡನ್ನೂ ಹೋಲಿಸಿ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಪರದೇಶದ ದೃಷ್ಟಾಂತಗಳ ಅಗತ್ಯವೇ ಬೀಳದು.

ಕೂಲಿಗೆಂದು ಘಟ್ಟ ಇಳಿದು ಬಂದ ಬಾಗಲಕೋಟೆ, ವಿಜಯಪುರ, ಕೊಪ್ಪಳಗಳ ಕುಟುಂಬಗಳು ಮಂಗಳೂರಿನ ಕಟ್ಟಡಗಳ ಮಗ್ಗುಲಲ್ಲೇ ತಗಡಿನ ಗುಡಿಸಲು ಹಾಕಿಕೊಂಡಿರುವುದನ್ನು ಕಾಣಬಹುದು. ಅವರ ಜೊತೆಗೆ ಬಿಹಾರ, ಬಂಗಾಳ, ಒಡಿಶಾಗಳ ತರುಣರು. ಮೇಲ್ವಿಚಾರಣೆಗೆ ತುಳು ಮಾತನಾಡುವ ಮೇಸ್ತ್ರಿ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯು ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ದುಡಿದವನಿಗೆ ಫಲಾನುಭವಿಯಾಗುವ ಹಕ್ಕನ್ನಿತ್ತಿತು. ಅದಕ್ಕೆಂದು ಕಾಮಗಾರಿಯ ವೆಚ್ಚದ ಮೇಲೆ ಶೇಕಡಾ 1ರಷ್ಟು ಉಪಕರವೂ ವಸೂಲಾಗುತ್ತ ಬಂದಿದೆ. ಹಣವಿದ್ದರೂ ದುಡಿದ ದಿನಗಳಿಗೆ ದಾಖಲೆ ಬೇಕು. ಆ ದಾಖಲೆ ನಿವೇಶನದ ಹಾಜರಿ ಪುಸ್ತಕದಲ್ಲಿದೆ. ಆ ಪುಸ್ತಕ ಹೆಚ್ಚಾಗಿ ಅತ್ಯಂತ ಕಿರಿಯ ಇಂಜಿನಿಯರನ ಕೈಯಲ್ಲಿರುತ್ತದೆ. ಹಾಜರಿಯನ್ನು ನೆಟ್ಟಗೆ ಬರೆಯುವುದೂ ನಿರ್ವಹಣೆಯೇ ಎಂದು ತಿಳಿದವನು, ಅದರಲ್ಲೂ ಆ ಕಾರ್ಮಿಕರ ಸೀಮೆಯ ಮಾತೇ ತನ್ನ ಮಾತಾಗಿರುವ ಉತ್ತರ ಕರ್ನಾಟಕದ ತರುಣ, ಎಷ್ಟೋ ಮನೆಗಳಿಗೆ ಆಸರೆಯಾಗಬಲ್ಲ.

ಕಾಲೇಜುಗಳು ವಿಧಿಸುವ ಪ್ರಾಯೋಗಿಕ ತರಬೇತಿ ಇದನ್ನೆಲ್ಲ ಕಲಿಸಬೇಕಿತ್ತು. ಎಷ್ಟೋ ಕಡೆ ಅದು ಪರಿಚಯಸ್ಥ ಗುತ್ತಿಗೆದಾರನಿಂದ ತರುವ ಒಂದು ಪ್ರಮಾಣಪತ್ರವಾಗಿ ಕುಗ್ಗಿದೆ. ಅಧ್ಯಾಪಕರಿಗೂ ಅದು ಗೊತ್ತು. ಬಡ ಮನೆಯ ವಿದ್ಯಾರ್ಥಿ ನಿವೇಶನದಲ್ಲಿ ನಿಲ್ಲಲು ಮನಸ್ಸು ಮಾಡಿದರೂ ಒಂದು ತಿಂಗಳ ಬಾಡಿಗೆ, ಊಟಗಳ ಖರ್ಚು ಅವನನ್ನು ಹಿಂದಕ್ಕೆಳೆಯುತ್ತದೆ. ಚಿನ್ನದ ಪದಕಕ್ಕೆ ದತ್ತಿಯಿಡುವ ಮಹನೀಯರು ಅದೇ ಮೊತ್ತದ ಬಡ್ಡಿಯಿಂದ ವರ್ಷಕ್ಕೆ ಇಬ್ಬರೋ ಮೂವರೋ ವಿದ್ಯಾರ್ಥಿಗಳ ವಸತಿ, ಊಟ, ಶಿರಸ್ತ್ರಾಣ, ಬೂಟುಗಳ ವೆಚ್ಚವನ್ನು ವಹಿಸಿಕೊಳ್ಳಬಹುದು. ಅವರನ್ನು ಕಳುಹಿಸಬೇಕಾದದ್ದು ಬೇಸಿಗೆಯ ರಜೆಯಲ್ಲಲ್ಲ, ಜೂನ್ ತಿಂಗಳಲ್ಲಿ.