ಪದವೀಧರನ ಲೇಖನಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳ ರೈತಾಪಿ ಮಕ್ಕಳು ಇಂದು ಪದವೀಧರರಾಗುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರ ಕೈಗೊಂದು ಹಾಳೆಯನ್ನು ಕೊಟ್ಟು, ತಾಲ್ಲೂಕು ಕಚೇರಿಗೊಂದು ಮನವಿಯನ್ನು ಬರೆಯಿರೆಂದರೆ ತಡವರಿಸದೆ ಬರೆಯುವವರು ಎಷ್ಟು ಮಂದಿ? ಕಚೇರಿಯ ಬಾಗಿಲಿನ ಅರ್ಜಿ ಬರಹಗಾರನ ಮುಂದೆ ಪದವೀಧರನೂ ಕೈಕಟ್ಟಿ ನಿಲ್ಲುವುದು ಬುದ್ಧಿ ಸಾಲದೆ ಅಲ್ಲ. ಬರೆಯುವುದನ್ನು ಅವನಿಗೆ ಯಾರೂ ಕಲಿಸದೆ.

ಪರೀಕ್ಷೆಯಲ್ಲಿ ಬರೆಯುತ್ತಾನಲ್ಲ ಎನ್ನಬಹುದು. ಗೈಡಿನಿಂದ ಉರುಹೊಡೆದುದನ್ನು ಕಾಗದಕ್ಕಿಳಿಸುವುದು ನಕಲೇ ಹೊರತು ಬರವಣಿಗೆಯಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು. 2024ರಲ್ಲಿ ಮೂರು ವರ್ಷದ್ದೇ ಮರಳಿತು. ವರ್ಷಗಳನ್ನು ಇಷ್ಟು ಶ್ರದ್ಧೆಯಿಂದ ಎಣಿಸಿದವರು, ವಿದ್ಯಾರ್ಥಿಯು ವಾರಕ್ಕೆಷ್ಟು ಪುಟ ಸ್ವಂತವಾಗಿ ಬರೆದನೆಂದು ಎಣಿಸಿದಂತೆ ಕಾಣದು.

ಇಂಗ್ಲಿಷು ಮಾತನಾಡಲು ಬಂದರೆ ಉದ್ಯೋಗವು ತಾನಾಗಿ ಬರುವುದೆಂಬುದು ಕೆಲವರ ವಾದ. ಇಂಗ್ಲಿಷು ಬೇಕು, ನಿಜ. ಆದರೆ 1963ರ ಕಾಯಿದೆಯಿಂದ ಕನ್ನಡವೇ ರಾಜ್ಯದ ಆಡಳಿತ ಭಾಷೆ. ಪಂಚಾಯಿತಿಯ ನಡವಳಿ, ಸಹಕಾರ ಸಂಘದ ವರದಿ, ಪತ್ರಿಕೆಯ ಸುದ್ದಿ, ಇವುಗಳನ್ನು ಬರೆಯಬೇಕಾದವರು ನಮ್ಮ ಹುಡುಗರೇ ಅಲ್ಲವೆ?

ಕಾಲೇಜೆಂದರೆ ಗುಮಾಸ್ತರ ಕಾರ್ಖಾನೆಯಲ್ಲವೆಂಬುದು ಸಾಹಿತ್ಯಾಭಿಮಾನಿಗಳ ಆಕ್ಷೇಪಣೆ. ಅವರು ಎ.ಆರ್. ಕೃಷ್ಣಶಾಸ್ತ್ರಿಗಳನ್ನು ನೆನೆಯಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದಾಗ ಅವರು ಪರೀಕ್ಷಕನಿಗಾಗಿ ಅಲ್ಲ, ಓದುಗನಿಗಾಗಿ ಬರೆಯುವ ದಾರಿಯನ್ನು ತೆರೆದರು. ಓದುಗನನ್ನು ನೆನೆದು ಬರೆಯಬಲ್ಲವನು ಕಥೆಯನ್ನೂ ಬರೆದಾನು, ಮನವಿಯನ್ನೂ ಬರೆದಾನು.

ಇದು ಸಂಬಳದ ಮಾತಷ್ಟೇ ಅಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಗ್ರಾಮಸಭೆಯ ನಿರ್ಣಯವನ್ನು ಒಪ್ಪದವರು ಉಪವಿಭಾಗ ಮಟ್ಟದ ಸಮಿತಿಗೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಕೋಟೆ ಸೀಮೆಯ ಜೇನುಕುರುಬರ ಹಾಡಿಯಿಂದ ಬಂದ ಪದವೀಧರನಿಗೇ ಅದನ್ನು ಬರೆಯಲು ಬಾರದಿದ್ದರೆ, ಆ ಪದವಿಯಿಂದ ಹಾಡಿಗಾದ ಉಪಕಾರವೇನು?

ಮಾಡಬೇಕಾದುದು ಇಷ್ಟೇ. ವಾರಕ್ಕೊಂದು ಸ್ವಂತ ಬರಹ. ಹೊಗೆಸೊಪ್ಪಿನ ಹರಾಜು, ಕಬಿನಿಯ ನೀರು, ಊರಿನ ಗ್ರಾಮಸಭೆ ಅದಕ್ಕೆ ವಸ್ತು. ಅಧ್ಯಾಪಕರು ತಿದ್ದಿ ಕೊಡಲಿ. ವಿದ್ಯಾರ್ಥಿಯು ಮತ್ತೆ ಬರೆಯಲಿ. ಅಂಕವು ಎರಡನೆಯ ಪ್ರತಿಗೆ ಸಲ್ಲಲಿ. ತಿದ್ದುವ ಹೊತ್ತನ್ನು ಪಾಠದ ಗಂಟೆಯೆಂದೇ ಲೆಕ್ಕ ಹಿಡಿದು, ಅತಿಥಿ ಉಪನ್ಯಾಸಕರಿಗೂ ಅದಕ್ಕೆ ತಕ್ಕ ಸಂಭಾವನೆಯನ್ನು ಕೊಡಲೇಬೇಕು. ಪುಕ್ಕಟೆಯಾಗಿ ತಿದ್ದಿರೆಂದು ವಿಧಿಸುವುದು ಸುಧಾರಣೆಯಲ್ಲ, ದಬ್ಬಾಳಿಕೆ.

ಮಕ್ಕಳನ್ನು ಕಾಲೇಜಿಗೆ ಕಳುಹಿಸಿರುವ ಮಹನೀಯರೂ ಮಹಿಳೆಯರೂ ಅಂಕಪಟ್ಟಿಯನ್ನು ನೋಡಿ ತೃಪ್ತರಾಗದಿರಲಿ. ಈ ವರ್ಷ ನೀನಾಗಿ ಬರೆದುದೇನು, ತೋರಿಸು ಎಂದು ಕೇಳಲಿ. ತೋರಿಸಲು ಏನೂ ಇಲ್ಲವಾದರೆ, ಆ ಪ್ರಶ್ನೆಯನ್ನು ಕಾಲೇಜಿನ ಬಾಗಿಲಿಗೆ ಒಯ್ಯುವುದು ಅವರ ಧರ್ಮ.