ಬಾಲ್ಕನಿಗೂ ಬೇಕೇ ಸ್ಪ್ರಿಂಕ್ಲರ್? ನಿಯಮ ನಿಲ್ಲುವಲ್ಲಿ ಬೆಂಕಿ ನಿಲ್ಲದು

ಬೆಂಗಳೂರು: 2021ರ ಸೆಪ್ಟೆಂಬರ್ 21ರಂದು ನಗರದ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಸಂಭವಿಸಿದ ಅಗ್ನಿ ಅವಘಡದಲ್ಲಿ ತಾಯಿ ಮತ್ತು ಮಗಳು ಸಜೀವ ದಹನವಾದರು. ಬಾಲ್ಕನಿಯವರೆಗೆ ಬಂದು ನೆರವಿಗಾಗಿ ಮೊರೆಯಿಟ್ಟವರನ್ನು ಸುತ್ತಲಿನ ಜನ ಕಣ್ಣಾರೆ ಕಂಡರು. ಆದರೆ ಬಾಲ್ಕನಿಗೆ ಅಳವಡಿಸಿದ್ದ ಕಬ್ಬಿಣದ ಗ್ರಿಲ್ ರಕ್ಷಣೆಯ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ಆ ದೃಶ್ಯಾವಳಿ ಅಂದು ರಾಜ್ಯದಾದ್ಯಂತ ಪ್ರಸಾರವಾಯಿತು, ಕೆಲವು ದಿನ ಚರ್ಚೆಯೂ ನಡೆಯಿತು. ಆದರೂ ಅಪಾರ್ಟ್‌ಮೆಂಟ್‌ಗಳ ಬಾಲ್ಕನಿಗಳು ಇಂದಿಗೂ ಗ್ರಿಲ್, ಗಾಜು ಮತ್ತು ಬಲೆಗಳಿಂದ ಮುಚ್ಚಿಕೊಳ್ಳುತ್ತಲೇ ಇವೆ.

ವಸತಿ ಕಟ್ಟಡಗಳ ಬಾಲ್ಕನಿಗೂ ಸ್ಪ್ರಿಂಕ್ಲರ್, ಅಂದರೆ ತಾನಾಗಿಯೇ ನೀರು ಸಿಂಪಡಿಸುವ ವ್ಯವಸ್ಥೆ, ಕಡ್ಡಾಯವಾಗಬೇಕೇ ಎಂಬ ಪ್ರಶ್ನೆ ಹಲವು ದೇಶಗಳಲ್ಲಿ ಚರ್ಚೆಗೆ ಬಂದಿದೆ. ನಮ್ಮಲ್ಲಿ ಈ ಚರ್ಚೆಗೂ ಮುನ್ನ ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕಿದೆ. ಬಾಲ್ಕನಿ ಮನೆಯ ಒಳಗಿನದೋ, ಹೊರಗಿನದೋ?

ಹೊರಗಿನ ಅನುಭವ

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಲಾಕ್ರಾಸ್ ಕಟ್ಟಡದ ಪ್ರಕರಣ ಇಲ್ಲಿ ಉಲ್ಲೇಖನೀಯ. 2014ರ ನವೆಂಬರ್ 25ರ ನಸುಕಿನಲ್ಲಿ ಎಂಟನೇ ಮಹಡಿಯ ಬಾಲ್ಕನಿಯಲ್ಲಿ ಸರಿಯಾಗಿ ಆರಿಸದ ಸಿಗರೇಟಿನಿಂದ ಹೊತ್ತಿಕೊಂಡ ಬೆಂಕಿ, ಹೊರಗೋಡೆಯ ಅಲ್ಯೂಮಿನಿಯಂ ಮಿಶ್ರಫಲಕಗಳ ಮೂಲಕ ಕಾಲು ಗಂಟೆಯೊಳಗೆ ಕಟ್ಟಡದ ತುದಿಯನ್ನು ಮುಟ್ಟಿತು. ನಾಲ್ಕು ನೂರಕ್ಕೂ ಹೆಚ್ಚು ನಿವಾಸಿಗಳನ್ನು ತೆರವುಗೊಳಿಸಲಾಯಿತು. ಪ್ರಾಣಹಾನಿಯಾಗಲಿಲ್ಲ ಎಂಬುದು ಗಮನಾರ್ಹ. ಫ್ಲ್ಯಾಟ್‌ಗಳ ಒಳಗಿದ್ದ ಸ್ಪ್ರಿಂಕ್ಲರ್‌ಗಳು ಬೆಂಕಿ ಒಳನುಗ್ಗದಂತೆ ತಡೆದದ್ದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. 2019ರ ಫೆಬ್ರವರಿಯಲ್ಲಿ ಅದೇ ನಗರದ ನಿಯೋ200 ಕಟ್ಟಡದಲ್ಲಿಯೂ ಬಾಲ್ಕನಿಯಿಂದಲೇ ಬೆಂಕಿ ಮೇಲೇರಿತು. ಈ ನಡುವೆ, 2018ರಲ್ಲಿ ಆ ದೇಶದ ನಿರ್ಮಾಣ ಸಂಹಿತೆಯು ವಸತಿ ಕಟ್ಟಡಗಳ ಬಾಲ್ಕನಿಗಳಿಗೆ ಸಂಬಂಧಿಸಿದ ಸ್ಪ್ರಿಂಕ್ಲರ್ ನಿಯಮವನ್ನು ಬಿಗಿಗೊಳಿಸಿತ್ತು.

ಅಮೆರಿಕದ ಹೆಚ್ಚಿನ ಭಾಗಗಳಲ್ಲಿ ಆಧಾರವಾಗಿರುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯು ಮರದ ಚೌಕಟ್ಟಿನ ಬಹುಕುಟುಂಬ ವಸತಿ ಕಟ್ಟಡಗಳ ಬಾಲ್ಕನಿಗಳಿಗೂ ಸ್ಪ್ರಿಂಕ್ಲರ್ ರಕ್ಷಣೆ ಬೇಕೆನ್ನುತ್ತದೆ. ಬಾಲ್ಕನಿಯ ಬೆಂಕಿ ಹೊರಗೋಡೆಯನ್ನೇರಿ ಸೂರಿನೊಳಗೆ ಹೊಕ್ಕರೆ ಒಳಗಿನ ಸ್ಪ್ರಿಂಕ್ಲರ್‌ಗಳು ಏನೂ ಮಾಡಲಾರವು ಎಂಬುದೇ ಇದರ ಹಿಂದಿನ ತರ್ಕ. ಲಂಡನ್ನಿನ ಬಾರ್ಕಿಂಗ್ ಪ್ರದೇಶದಲ್ಲಿ 2019ರ ಜೂನ್‌ನಲ್ಲಿ ಮರದ ಬಾಲ್ಕನಿಗಳ ಮೂಲಕ ಹರಡಿದ ಬೆಂಕಿ 20 ಫ್ಲ್ಯಾಟ್‌ಗಳನ್ನು ನಾಶ ಮಾಡಿತು. ಇಂಗ್ಲೆಂಡ್ 2018ರ ಕೊನೆಯಲ್ಲಿಯೇ 18 ಮೀಟರ್‌ಗಿಂತ ಎತ್ತರದ ಹೊಸ ವಸತಿ ಕಟ್ಟಡಗಳ ಹೊರಗೋಡೆ ಹಾಗೂ ಬಾಲ್ಕನಿಗಳಲ್ಲಿ ದಹ್ಯ ವಸ್ತುಗಳ ಬಳಕೆಯನ್ನು ನಿಷೇಧಿಸಿತ್ತು.

ನಮ್ಮ ಬಾಲ್ಕನಿಯ ಸ್ಥಿತಿ

ಈ ನಿಯಮಗಳನ್ನು ಯಥಾವತ್ತಾಗಿ ತಂದು ಇಲ್ಲಿ ಹೇರುವುದರಲ್ಲಿ ಅರ್ಥವಿಲ್ಲ. ನಮ್ಮ ಅಪಾರ್ಟ್‌ಮೆಂಟ್‌ಗಳು ಸಾಮಾನ್ಯವಾಗಿ ಕಾಂಕ್ರೀಟ್ ಮತ್ತು ಇಟ್ಟಿಗೆಯವು. ಬಾಲ್ಕನಿಯ ನೆಲ, ಚಾವಣಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಳ್ಳುವುದು ನಾವು ಅಲ್ಲಿ ತುಂಬುವ ಸಾಮಾನು. ಬಟ್ಟೆ ಒಗೆಯುವ ಯಂತ್ರ, ಹಳೆಯ ಪತ್ರಿಕೆಗಳ ಕಟ್ಟು, ಹಾಸಿಗೆ, ಒಣಹಾಕಿದ ಬಟ್ಟೆ, ಎಸಿಯ ಹೊರಘಟಕ, ಕೆಲವೆಡೆ ಬಿಡಿ ಗ್ಯಾಸ್ ಸಿಲಿಂಡರ್, ಪಾರಿವಾಳ ತಡೆಯಲು ಕಟ್ಟುವ ನೈಲಾನ್ ಬಲೆ. ದೀಪಾವಳಿಯ ರಾತ್ರಿ ದಿಕ್ಕು ತಪ್ಪಿ ಬಂದ ಒಂದು ರಾಕೆಟ್‌ಗೆ ಇಷ್ಟು ಸಾಕು.

ಕಾನೂನಿನ ದೃಷ್ಟಿಯಲ್ಲಿ ಬಾಲ್ಕನಿ ಹೊರಗಿನ ಜಾಗ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯು ಕಾರ್ಪೆಟ್ ವಿಸ್ತೀರ್ಣದ ಲೆಕ್ಕದಿಂದ ಬಾಲ್ಕನಿಯನ್ನು ಹೊರಗಿಟ್ಟಿದೆ. ಅಗ್ನಿ ಸುರಕ್ಷತೆಯ ನಕ್ಷೆಯಲ್ಲಿಯೂ ಅದನ್ನು ಗಾಳಿಯಾಡುವ, ಹೊಗೆ ಹೊರಹೋಗುವ ತೆರೆದ ಸ್ಥಳವೆಂದೇ ಭಾವಿಸಲಾಗುತ್ತದೆ. ಆದರೆ ಮನೆ ಕೈಸೇರಿದ ಕೆಲವೇ ತಿಂಗಳಲ್ಲಿ ಮಾಲೀಕರು ಅದಕ್ಕೆ ಗಾಜಿನ ಕಿಟಕಿ ಕೂರಿಸಿ ಅಧ್ಯಯನ ಕೊಠಡಿಯನ್ನೋ ಅಡುಗೆಮನೆಯ ವಿಸ್ತರಣೆಯನ್ನೋ ಮಾಡಿಕೊಳ್ಳುತ್ತಾರೆ. ಕಾಗದದ ಮೇಲೆ ತೆರೆದಿರುವ ಜಾಗ ವಾಸ್ತವದಲ್ಲಿ ಕೊಠಡಿಯಾಗುತ್ತದೆ. ಕೊಠಡಿಗೆ ಬೇಕಾದ ರಕ್ಷಣೆ ಅದಕ್ಕಿಲ್ಲ, ಬಾಲ್ಕನಿ ಒದಗಿಸುತ್ತಿದ್ದ ಪಾರಾಗುವ ಅವಕಾಶವೂ ಉಳಿದಿಲ್ಲ. ಅಪಾಯ ಅಡಗಿರುವುದು ಇಲ್ಲಿಯೇ.

ಸ್ಪ್ರಿಂಕ್ಲರ್‌ನಿಂದ ಏನು ಸಾಧ್ಯ?

ಕಟ್ಟಡದ ಎಲ್ಲ ಸ್ಪ್ರಿಂಕ್ಲರ್‌ಗಳು ಒಮ್ಮೆಲೇ ನೀರು ಸುರಿಸುತ್ತವೆ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಸ್ಪ್ರಿಂಕ್ಲರ್‌ನ ಬಾಯಿಯನ್ನು ದ್ರವ ತುಂಬಿದ ಸಣ್ಣ ಗಾಜಿನ ಗುಳಿಗೆ ಮುಚ್ಚಿರುತ್ತದೆ. ಸುಮಾರು 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಒಡೆದಾಗ ಆ ಒಂದು ಬಾಯಿ ಮಾತ್ರ ತೆರೆದುಕೊಳ್ಳುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯ ಬಿಸಿಲಿಗೆ ಅದು ತಾನಾಗಿ ಒಡೆಯುವ ಭಯವಿಲ್ಲ. ಶೀತಪ್ರದೇಶಗಳಲ್ಲಿ ಕೊಳವೆಯ ನೀರು ಹೆಪ್ಪುಗಟ್ಟುವ ಸಮಸ್ಯೆ ಇರುವುದರಿಂದ ಹೊರಾಂಗಣಕ್ಕೆ ವಿಶೇಷ ಬಗೆಯ ಸ್ಪ್ರಿಂಕ್ಲರ್ ಬೇಕಾಗುತ್ತದೆ. ನಮಗೆ ಆ ತೊಂದರೆಯಿಲ್ಲ.

ಇತಿಮಿತಿಯೂ ಇದೆ. ಪೂರ್ಣ ತೆರೆದ ಬಾಲ್ಕನಿಯಲ್ಲಿ ಗಾಳಿ ಬೀಸಿದರೆ ಶಾಖ ಚದುರಿಹೋಗಿ ಗಾಜಿನ ಗುಳಿಗೆ ಒಡೆಯುವುದು ತಡವಾಗಬಹುದು. ಆದ್ದರಿಂದ ಗೋಡೆಯ ಬದಿಯಲ್ಲಿ, ಮೇಲಿನ ಚಾವಣಿಗೆ ಸಮೀಪವಾಗಿ ಅದನ್ನು ಅಳವಡಿಸುತ್ತಾರೆ. ಮುಚ್ಚಿದ ಬಾಲ್ಕನಿಯಲ್ಲಾದರೋ ಶಾಖ ಬೇಗ ಶೇಖರವಾಗುವುದರಿಂದ ಸ್ಪ್ರಿಂಕ್ಲರ್ ಹೆಚ್ಚು ಪರಿಣಾಮಕಾರಿ. ಅಂದರೆ ಅದರ ಅಗತ್ಯ ಹೆಚ್ಚಿರುವ ಕಡೆಯೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಟ್ಯಾಂಕ್‌ನಲ್ಲಿ ನೀರಿರಬೇಕು, ಪಂಪ್ ಸುಸ್ಥಿತಿಯಲ್ಲಿರಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಸಾಲುಗಟ್ಟಿದ ನಗರದಲ್ಲಿ ಅಗ್ನಿಶಮನಕ್ಕೆ ಮೀಸಲಿಟ್ಟ ನೀರನ್ನು ನಿತ್ಯದ ಬಳಕೆಗೆ ಎತ್ತದಂತೆ ನೋಡಿಕೊಳ್ಳುವುದು ಸಣ್ಣ ಸವಾಲಲ್ಲ.

ಆಗಬೇಕಾದುದೇನು?

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಕಟ್ಟಡಗಳನ್ನು ಬಹುಎತ್ತರದ ಕಟ್ಟಡಗಳೆಂದು ಪರಿಗಣಿಸುತ್ತದೆ. ಆದರೆ ಸಂಹಿತೆ ಶಿಫಾರಸು ಸ್ವರೂಪದ್ದು. ಅದಕ್ಕೆ ಕಾನೂನಿನ ಬಲ ಬರುವುದು ರಾಜ್ಯದ ಕಾಯ್ದೆ ಹಾಗೂ ಸ್ಥಳೀಯ ಸಂಸ್ಥೆಗಳ ಬೈಲಾಗಳ ಮೂಲಕ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ 2025ರಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿವೆ. ಬಾಲ್ಕನಿಯ ವಿಷಯದಲ್ಲಿ ಸ್ಪಷ್ಟ ನಿಲುವು ತಳೆಯಲು ಇದು ಸಕಾಲ.

ಬೈಲಾ ಎರಡೇ ಆಯ್ಕೆಗಳನ್ನು ಮುಂದಿಡಬೇಕು. ಬಾಲ್ಕನಿ ತೆರೆದೇ ಇರುವುದಾದರೆ ಅದನ್ನು ಪಾರಾಗುವ ತಾಣವೆಂದು ಪರಿಗಣಿಸಿ, ಗ್ರಿಲ್‌ನ ಒಂದು ಭಾಗವಾದರೂ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು. ಮುಚ್ಚುವುದಾದರೆ ಅದು ಕೊಠಡಿಯೇ ಸರಿ. ಸ್ಪ್ರಿಂಕ್ಲರ್ ಕಡ್ಡಾಯವಾಗಿರುವ ಕಟ್ಟಡದಲ್ಲಿ ಕೊಳವೆ ಅಲ್ಲಿಯವರೆಗೂ ಬರಬೇಕು, ಬೇರೊಂದು ಕಿಟಕಿಯಲ್ಲಾದರೂ ಹೊರಬರುವ ದಾರಿ ಉಳಿದಿರಬೇಕು. ಹೊಸ ಕಟ್ಟಡಗಳಲ್ಲಿ ಕೊಳವೆಯನ್ನು ಬಾಲ್ಕನಿಯವರೆಗೆ ಎಳೆಯುವುದು ಬಿಲ್ಡರ್‌ಗೆ ದೊಡ್ಡ ಹೊರೆಯಾಗದು. ಹಳೆಯ ಕಟ್ಟಡದಲ್ಲಿ ಗೋಡೆ ಕೊರೆದು ಅಳವಡಿಸುವುದು ಕಷ್ಟಸಾಧ್ಯ. ಅಲ್ಲಿ ಗ್ರಿಲ್‌ಗೆ ತೆರೆಯುವ ಬಾಗಿಲು ಕೂರಿಸುವ ಕೆಲಸ ಒಬ್ಬ ವೆಲ್ಡರ್‌ನ ಒಂದು ದಿನದ ದುಡಿಮೆಯಲ್ಲಿ ಮುಗಿಯುತ್ತದೆ. ಇದಕ್ಕೆ ಎತ್ತರದ ಮಿತಿ ಇರಕೂಡದು. ನಾಲ್ಕು ಅಂತಸ್ತಿನ ಸಣ್ಣ ಕಟ್ಟಡಗಳಿಗೂ ಇದು ಅನ್ವಯವಾಗಬೇಕು.

ರಾಜ್ಯದ ಅಗ್ನಿಶಾಮಕ ದಳಕ್ಕೆ 2022ರಲ್ಲಿ 90 ಮೀಟರ್ ಎತ್ತರಕ್ಕೆ ಚಾಚುವ ಏಣಿಯ ವಾಹನ ಸೇರ್ಪಡೆಯಾಯಿತು. ಆ ಏಣಿ ಬಂದು ತಾಗುವುದು ಬಾಲ್ಕನಿಗೇ. ಅಲ್ಲಿ ಬೀಗವೇ ಇಲ್ಲದ ಕಬ್ಬಿಣದ ಪಂಜರವಿದ್ದರೆ ಏಣಿಯಿಂದ ಫಲವೇನು? ತೆರೆದ ಬಾಲ್ಕನಿಯೊಂದೇ ಜೀವ ಉಳಿಸುತ್ತದೆ ಎಂದೂ ಹೇಳಲಾಗದು. ದೆಹಲಿಯ ದ್ವಾರಕಾದಲ್ಲಿ 2025ರ ಜೂನ್‌ನಲ್ಲಿ ಫ್ಲ್ಯಾಟ್‌ಗೆ ಬೆಂಕಿ ಬಿದ್ದಾಗ ತಂದೆ ಹಾಗೂ ಇಬ್ಬರು ಮಕ್ಕಳು ಬಾಲ್ಕನಿಯಿಂದ ಜಿಗಿದು ಅಸುನೀಗಿದರು. ನೆರವು ಬರುವವರೆಗೆ ಬೆಂಕಿಯನ್ನು ಒಳಗೇ ಕಟ್ಟಿಹಾಕುವ ಸ್ಪ್ರಿಂಕ್ಲರ್ ಮತ್ತು ನೆರವು ಬಂದಾಗ ತೆರೆಯುವ ದಾರಿ, ಇವೆರಡೂ ಒಂದಕ್ಕೊಂದು ಪೂರಕ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಬಾಲ್ಕನಿಯ ವಿಷಯದಲ್ಲಿ ಆಗಬೇಕಾದುದು ಬಾಗಿಲು ತೆರೆಯುವ ಕೆಲಸ. ಬೈಲಾ ಬರುವವರೆಗೆ ಕಾಯದೆ ನಿವಾಸಿಗಳ ಸಂಘಗಳು ಮುಂದಿನ ಸರ್ವಸದಸ್ಯರ ಸಭೆಯಲ್ಲಿಯೇ ಈ ವಿಷಯವನ್ನು ಕೈಗೆತ್ತಿಕೊಳ್ಳಬಹುದು.